ಅತ್ತೆಯ ಬಾಯುರಿ

ನಮ್ಮ ಅತ್ತೆಯ ದವಡೆ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಸೆರಗಿನ ತುದಿಯಲ್ಲಿ ಪುಠಾಣಿಯ ಗಂಟು, ಅದರಿಂದ ಎರಡೆರಡೇ ಕಾಳು ಬಾಯಿಗೆ. ಎಂಬತ್ತರ ದಶಕದ ಶುರುವಿನಲ್ಲಿ ನಾನು ಮದುವೆಯಾಗಿ ನವಲಗುಂದದಿಂದ ಸಂಶಿಗೆ ಬಂದಾಗ, ಇದೇನು ಬಾಯೋ ಗಿರಣಿಯೋ ಎಂದು ತವರಿಗೆ ಹೋಗಿ ನಕ್ಕಿದ್ದೆ.

ಅವರಿಗೆ ಬಾಯುರಿ ಎಂದು ತಿಳಿದದ್ದು ಆಮೇಲೆ. ನಾಲಿಗೆ, ತುಟಿ, ಅಂಗುಳ ಎಲ್ಲ ಖಾರ ಸವರಿದ ಹಾಗೆ. ಬೆಳಿಗ್ಗೆ ತುಸು ಕಡಿಮೆ, ಹೊತ್ತು ಏರಿದಂತೆ ಅದೂ ಏರುತ್ತಿತ್ತು. ತುಪ್ಪ ಸವರಿದ್ದಾಯಿತು, ಜೇನು ನೆಕ್ಕಿದ್ದಾಯಿತು, ಸರಕಾರಿ ದವಾಖಾನೆಯ ನೀಲಿ ಔಷಧ, ಹುಬ್ಬಳ್ಳಿಯ ಸೂಜಿ, ಗುಳಿಗೆ ಎಲ್ಲ ಆಯಿತು. ನೋಡಿದವರೆಲ್ಲ ಬಾಯಿ ಸ್ವಚ್ಛವಾಗಿದೆ ಎಂದೇ ಹೇಳಿ ಕಳಿಸಿದರು. ಏನಾದರೂ ಅಗಿಯುತ್ತಿರುವಷ್ಟು ಹೊತ್ತು ಮಾತ್ರ ಉರಿ ತಗ್ಗುತ್ತಿತ್ತು. ಅದೇ ಅವರಿಗೆ ಮುಳುವಾಯಿತು. ತಿನ್ನುವಾಗ ಇಲ್ಲದ ಉರಿ ಎಂಥ ಉರಿ ಎಂದು ಮಾವನವರೇ ನಗುತ್ತಿದ್ದರು. ಅತ್ತೆ ವಾದಕ್ಕೆ ಹೋಗುತ್ತಿರಲಿಲ್ಲ.

"ಒಳಗ ಬೆಂಕಿ ಹತ್ತೇತಿ, ಹೊರಗ ಬರಾಕ ಬಾಗಲಾ ಸಿಗವಲ್ದು," ಎಂದು ಒಮ್ಮೆ ನನ್ನೆದುರು ಅಂದರು. ನಾನು ನಂಬಲಿಲ್ಲ.

ಆ ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಅತ್ತೆ ಬಾಯುರಿ ಎಂದು ರಾಶಿ ಬಿಟ್ಟು ನಡುವೆಯೇ ಎದ್ದುಹೋದರು. ನಾನು ಚೊಚ್ಚಲ ಬಸುರಿ, ಸೊಂಟ ಹಿಡಿದಿತ್ತು, ಸಿಟ್ಟು ನೆತ್ತಿಗೇರಿತು.

"ಅಷ್ಟ ಉರೀತಿದ್ರ ಹಲ್ಲ ಕೀಳಿಸ್ಕೊಂಡ ಬರ್ರಿ. ಆವಾಗ ನಂಬತೀನಿ," ಅಂದುಬಿಟ್ಟೆ.

ಅತ್ತೆ ಅದನ್ನು ಮಾತೆಂದುಕೊಳ್ಳದೆ ಮದ್ದೆಂದುಕೊಂಡರೋ ಏನೋ. ಗಟ್ಟಿ ಹಲ್ಲು ಕೀಳಲು ಒಬ್ಬ ಡಾಕ್ಟರು ಒಲ್ಲೆ ಎಂದರೆ ಇನ್ನೊಬ್ಬರನ್ನು ಹುಡುಕಿದರು. ನಾಲ್ಕೈದು ಸಲ ಹುಬ್ಬಳ್ಳಿಗೆ ಹೋಗಿಬರುವಷ್ಟರಲ್ಲಿ ಬಾಯಿ ಬೋಳಾಯಿತು. ಉರಿ ಹೋಗಲಿಲ್ಲ. ಅಗಿಯಲು ಹಲ್ಲಿಲ್ಲ, ಆಮೇಲೆ ಕಟ್ಟಿಸಿದ ಹಲ್ಲು ಇಟ್ಟುಕೊಂಡರೆ ಉರಿ ಇಮ್ಮಡಿಯಾಯಿತು. ಇದ್ದೊಂದು ಸಮಾಧಾನವೂ ನನ್ನ ಮಾತಿಗೆ ಹೋಯಿತು. ಸಂಜೆಯಾದರೆ ಕಟ್ಟೆಯ ಮೇಲೆ ಕೂತು, ಬಾಯಲ್ಲಿ ಏನೂ ಇಲ್ಲದಿದ್ದರೂ ಬರಿ ವಸಡಿನಿಂದ ಅಗಿಯುತ್ತಿದ್ದರು. ನಾನು ನಂಬಿದ್ದು ಆಗ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಕೆಯಾಗುತ್ತದೆ.

ಮತ್ತೆ ಐದು ವರ್ಷ ಆ ಉರಿಯಲ್ಲೇ ಬದುಕಿ ತೀರಿಕೊಂಡರು. ಒಮ್ಮೆಯೂ ನನ್ನನ್ನು ದೂರಲಿಲ್ಲ. ಹಲ್ಲು ಕೀಳಿಸಿಕೊಂಡ ವರ್ಷವೇ, ನನ್ನನ್ನು ಹೆರಿಗೆಗೆ ಕರೆದೊಯ್ಯಲು ಬಂದ ಅವ್ವ ಬೀಗತಿಯ ಬಾಯಿ ನೋಡಿ ಗಾಬರಿಯಾದಳು, ಇದೇನಾಯಿತು ಎಂದು ಕೇಳಿದಳು. ನಾನು ಚಹಾದ ಕಪ್ಪು ಬಸಿ ಹಿಡಿದು ಬಾಗಿಲಲ್ಲೇ ನಿಂತೆ.

"ಹುಳಾ ಹತ್ತಿದ್ವ್ರಿ," ಅಂದರು ಅತ್ತೆ. "ನಿಮ್ಮ ಮಗಳು ನೋಡಿ ಹೇಳಿದ್ಲು, ಚೊಲೊ ಆತು."

ಒಂದು ಹಲ್ಲಿಗೂ ಹುಳ ಹತ್ತಿರಲಿಲ್ಲ.