ಗೇಟಿನ ತಂತಿ

ಕೂಡ್ಲಿಗಿ ಕಡೆಯಿಂದ ಬೆಂಗಳೂರಿಗೆ ಬಂದ ಹೊಸತರಲ್ಲಿ ಕೊಟ್ರಪ್ಪ ಸಿಮೆಂಟ್ ಹೊತ್ತು ಮೆಟ್ಟಿಲು ಹತ್ತಿ ಮಂಡಿ ಸವೆಸಿಕೊಂಡ. ಆಮೇಲೆ ಲಿಫ್ಟ್ ಕೂರಿಸುವವರ ಜೊತೆ ಸೇರಿ ಮೆಕ್ಯಾನಿಕ್ ಆದ. ಎರಡು ಸಾವಿರದ ಎಂಟರ ಹೊತ್ತಿಗೆ ಪೀಣ್ಯದ ಮುದಿ ಲಿಫ್ಟುಗಳಿಗೆಲ್ಲ ಅವನೇ ಡಾಕ್ಟರ್. ವೈಟ್‌ಫೀಲ್ಡಿನಲ್ಲಿ ಬಾಗಿಲು ತಾನಾಗಿ ಮುಚ್ಚುವ ಲಿಫ್ಟುಗಳು ಬಂದು ಎಷ್ಟೋ ಕಾಲವಾಗಿತ್ತು. ಪೀಣ್ಯದ ಹಣೆಬರಹ ಮಾತ್ರ ಕೈಯಲ್ಲಿ ಎಳೆಯುವ ಜಾಲರಿ ಗೇಟೇ.

ಆ ಗೇಟು ಪೂರ್ತಿ ಮುಚ್ಚದಿದ್ದರೆ ಲಿಫ್ಟ್ ಅಲುಗುವುದಿಲ್ಲ. ಅವನ ಹೆಂಡತಿ ಮಹಾನಂದಾ ಕೆಲಸ ಮಾಡುವ ಗಾರ್ಮೆಂಟ್ಸಿನಲ್ಲಿ ದಿನವಿಡೀ ಕೆಳಗಿನವರು ಮೇಲಿನವರಿಗೆ "ಗೇಟ್ ಹಾಕ್ರೇ!" ಎಂದು ಕೂಗುತ್ತಿದ್ದರು. ಅಲ್ಲಿಗೆ ರಿಪೇರಿಗೆ ಹೋದ ಕೊಟ್ರಪ್ಪ, ಗೇಟು ತೆರೆದಿಟ್ಟುಕೊಂಡೇ ಲಿಫ್ಟನ್ನು ಓಡಿಸಿ ನೋಡಲು ಗೇಟಿನ ಸ್ವಿಚ್ಚಿಗೆ ಅಡ್ಡ ಒಂದು ತುಂಡು ತಂತಿ ಕಟ್ಟಿದ. ಈ ಕಸುಬಿನವರೆಲ್ಲ ಹಾಗೆಯೇ ಮಾಡುತ್ತಾರೆ, ಕೆಲಸ ಮುಗಿದ ಮೇಲೆ ಬಿಚ್ಚುತ್ತಾರೆ. ಅಷ್ಟರಲ್ಲಿ ಇನ್ನೊಂದು ಕಡೆ ಜನ ಸಿಕ್ಕಿಕೊಂಡಿದ್ದಾರೆಂದು ಫೋನ್ ಬಂತು. ಪುಣ್ಯಾತ್ಮ ಚೀಲ ಹೆಗಲಿಗೇರಿಸಿ ಓಡಿದ.

ಕೆಲವು ದಿನಗಳಾದ ಮೇಲೆ, ಊಟಕ್ಕೆ ಕೂತಾಗ ಮಹಾನಂದಾ ಹೆಮ್ಮೆಯಿಂದ ಅಂದಳು: "ನಿಮ್ಮ ಕೈಗುಣ ಛಲೋ ಐತ್ರಿ. ಮ್ಯಾಲ ಗೇಟ್ ತೆರದಾ ಇದ್ರೂ ಈಗ ಲಿಫ್ಟ್ ಕೆಳಗ ಬರತೈತಿ."

ಬಿಚ್ಚದೆ ಬಂದ ತಂತಿ ಕೊಟ್ರಪ್ಪನಿಗೆ ಆಗ ನೆನಪಾಯಿತು. ಮೇಲೆ ಗೇಟು ತೆರೆದಿದೆ, ಲಿಫ್ಟ್ ಕೆಳಗಿದೆ. ನಡುವೆ ಬಾವಿಯಂಥ ಗುಂಡಿ. ಬಟ್ಟೆಯ ಬಂಡಲ್ ಅಪ್ಪಿಕೊಂಡು ಬರುವ ಹೆಂಗಸರಿಗೆ ಮುಂದಿನ ನೆಲ ಕಾಣುವುದೇ ಇಲ್ಲ. ಅವರಲ್ಲಿ ಮಹಾನಂದಾ ಕೂಡ ಒಬ್ಬಳು.

ಬೆಳಿಗ್ಗೆ ಅವಳಿಗಿಂತ ಮೊದಲೇ ಹೋಗಿ ತಂತಿ ಕಿತ್ತ. ಸ್ವಲ್ಪ ಹೊತ್ತಿಗೆಲ್ಲ ಕೂಗಾಟ ಮತ್ತೆ ಶುರುವಾಯಿತು. ಮ್ಯಾನೇಜರ್ ಪ್ರಸನ್ನ ಇಳಿದು ಬಂದ.

"ಏನ್ ಗುರು, ಚೆನ್ನಾಗಿ ಓಡ್ತಿದ್ದಿದ್ದನ್ನ ಕೆಡಿಸ್ಬಿಟ್ಟೆಯಲ್ಲಾ?"

"ತಪ್ಪು ನಂದಾ ಸಾರ್. ತಂತಿ ಮರತು ಬಿಟ್ಟಿದ್ದೆ. ಯಾರಾರ ಬಿದ್ರ ಹೆಣಾನಾ ಎತ್ತಬೇಕಾಕೈತಿ."

"ಇಷ್ಟು ದಿನ ಯಾರ್ ಬಿದ್ರು? ಹುಷಾರಾಗಿರ್ತಾರೆ ಬಿಡು. ಮೊದ್ಲಿನ ಥರಾನೇ ಮಾಡ್ಕೊಟ್ಟು ಹೋಗು."

ಕೊಟ್ರಪ್ಪ ಆಗುವುದಿಲ್ಲವೆಂದು ಹೊರಟು ಬಂದ. ಸಂಜೆಯೊಳಗೆ ಬೇರೊಬ್ಬ ಮೆಕ್ಯಾನಿಕ್ ಬಂದು ತಂತಿ ಕಟ್ಟಿ ಹೋದನೆಂದು ಮಹಾನಂದಾಳೇ ಹೇಳಿದಳು.

"ನೀ ನಾಳೆಯಿಂದ ಲಿಫ್ಟಿನ ಹತ್ರ ಹೋಗಬ್ಯಾಡ."

"ನಾ ಹೋಗಂಗಿಲ್ಲ. ನನ್ನ ಬಂಡಲ್ ಬಾಜೂ ಮಷೀನಿನ ಶೇಖವ್ವ ಒಯ್ತಾಳ. ಅಕೀಗೆ ಯಾರು ಹೇಳಬೇಕು?"

ಕೊಟ್ರಪ್ಪನಿಗೆ ನಾಚಿಕೆಯಾಯಿತು. ಮಾರನೆಯ ಬೆಳಿಗ್ಗೆ ಫ್ಯಾಕ್ಟರಿಯ ಹೊರಗೆ ನಿಂತು, ಒಳಗೆ ಹೋಗುತ್ತಿದ್ದ ಹೆಂಗಸರಿಗೆಲ್ಲ ಕೈಮುಗಿದು ಹೇಳತೊಡಗಿದ: "ಲಿಫ್ಟ್ ಬಂದೈತೋ ಇಲ್ಲೋ ನೋಡಿ ಕಾಲಿಡ್ರವ್ವಾ." ಕೆಲವರು ತಲೆಯಾಡಿಸಿದರು, ಹೆಚ್ಚಿನವರು ಸೈರನ್ನಿಗೆ ಹೆದರಿ ಓಡಿದರು. ಶೇಖವ್ವ ಮಾತ್ರ ನಿಂತು ನಕ್ಕಳು.

"ಏನ್ ಹಂಗ ಹೆದರಸ್ತೀಯಣ್ಣಾ? ಈ ಅನುಕೂಲ ಮಾಡಿಕೊಟ್ಟಾಂವ ನೀನಾ ಅಲ್ಲೇನು?"