ಹನ್ನೆರಡು ಎಂಬಿಯ ಯಜಮಾನರು

ನನ್ನ ಯಜಮಾನರು ಹನ್ನೆರಡು ಎಂಬಿ ತೂಗುತ್ತಾರೆಂದು ನನಗೆ ಗೊತ್ತಾದದ್ದು ಅವರು ತೀರಿಕೊಂಡು ವರ್ಷವಾಗುತ್ತ ಬಂದಾಗ. ಅಲ್ಲಿಯವರೆಗೆ ಅವರ ಅಂಗಿಯ ಅಳತೆ ಗೊತ್ತಿತ್ತು, ಚಪ್ಪಲಿಯ ಅಳತೆ ಗೊತ್ತಿತ್ತು, ಕಾಫಿಗೆ ಎಷ್ಟು ಸಕ್ಕರೆ ಎಂಬುದು ಗೊತ್ತಿತ್ತು. 'ಫೈಲ್ ತುಂಬಾ ದೊಡ್ಡದು' ಎಂದು ಫೋನು ಅವರನ್ನು ಒಳಗೆ ಬಿಟ್ಟುಕೊಳ್ಳದೆ ಹೋದಾಗ ಸ್ವಲ್ಪ ಕೋಪವೇ ಬಂತು. ಅಂಥ ಸಣಕಲು ಮನುಷ್ಯನನ್ನು ಯಾರೂ ಹಾಗೆ ಅಂದಿರಲಿಲ್ಲ.

ಅವರು ಹನೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ಯಳಂದೂರಿನ ಕಡೆ ಪ್ರೈಮರಿ ಶಾಲೆಯ ಟೀಚರು. ಇಬ್ಬರಿಗೂ ಅನುಕೂಲವಾಗಲೆಂದು ಕೊಳ್ಳೇಗಾಲದಲ್ಲಿ ಮನೆ ಮಾಡಿ, ಇಬ್ಬರೂ ಸಮಾನವಾಗಿ ಅನನುಕೂಲ ಅನುಭವಿಸಿದೆವು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೆ ಜೊತೆ. ಆಮೇಲೆ ಅವರ ಬಸ್ಸು ಒಂದು ಕಡೆಗೆ, ನನ್ನದು ಇನ್ನೊಂದು ಕಡೆಗೆ.

ಈಗ ಗೋಡೆಯ ಮೇಲಿರುವುದು ಯಾವುದೋ ಅರ್ಜಿಗೆಂದು ತೆಗೆಸಿದ್ದ ಪುಟ್ಟ ಪಟವನ್ನು ಹಿಗ್ಗಿಸಿ ಕಟ್ಟು ಹಾಕಿಸಿದ್ದು. ಅದರಲ್ಲಿ ಅವರು ತಪ್ಪು ಲೆಕ್ಕ ಮಾಡಿದ ಹುಡುಗಿಯನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾರೆ. ಒಂದು ಬೆಳಿಗ್ಗೆ ಅದಕ್ಕೆ ಹೂ ಮುಡಿಸುತ್ತಿದ್ದಾಗ ಅವರ ನಗು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದೆ. ಧ್ವನಿ ನೆನಪಿಗೆ ಬಂತು, ಕೆಮ್ಮು ಬಂತು, ಸ್ನಾನದ ಮನೆಯಿಂದ ಟವೆಲ್ ಕೇಳುವ ಕೂಗು ಬಂತು. ನಗು ಬರಲಿಲ್ಲ. ಕೈಯಲ್ಲಿದ್ದ ಹೂವನ್ನು ಹಾಗೇ ಹಿಡಿದುಕೊಂಡು ಕುಳಿತುಬಿಟ್ಟೆ.

ಅವತ್ತು ಅವರ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಹುಡುಕಿದೆ. ಪ್ರಶ್ನೆಪತ್ರಿಕೆಗಳ ರಾಶಿಯ ನಡುವೆ ಒಂದೇ ಒಂದು ಫೋಟೋ ಸಿಕ್ಕಿತು. ಸಹೋದ್ಯೋಗಿಗಳ ಜೊತೆ ಬೆಟ್ಟದಾಚೆಯ ಪಾಲಾರ್ ಕಡೆ ಹೋಗಿದ್ದಾಗ ಟೀ ಅಂಗಡಿಯ ಮುಂದೆ ಯಾರೋ ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದದ್ದು. ನಮ್ಮವರು ಕೂದಲು ಕೆದರಿಕೊಂಡು, ಮುಂದಿನ ಮುಕ್ಕು ಹಲ್ಲು ಕಾಣುವ ಹಾಗೆ ಬಾಯಿ ತುಂಬ ನಗುತ್ತಿದ್ದರು. ಅವರು ಹೋಗಿ ವರ್ಷ ತುಂಬುವ ದಿನ ಇದನ್ನೇ ನಮ್ಮ ಶಿಕ್ಷಕರ ಆನ್‌ಲೈನ್ ಗುಂಪಿನಲ್ಲಿ ಹಾಕಬೇಕು ಎಂದುಕೊಂಡೆ. ಆಗಲೇ ಆ ಹನ್ನೆರಡು ಎಂಬಿಯ ತಕರಾರು: ಗುಂಪು ಅಷ್ಟು ದೊಡ್ಡ ಫೋಟೋವನ್ನು ತೆಗೆದುಕೊಳ್ಳಲೊಲ್ಲದು.

ಲೊಕ್ಕನಹಳ್ಳಿಯಲ್ಲಿರುವ ನನ್ನ ತಂಗಿ ಗೌರಿ ತನ್ನ ಹಸು ಕರುಗಳ ಫೋಟೋಗಳನ್ನು ದಿನವೂ ಆನ್‌ಲೈನಿಗೆ ಏರಿಸುತ್ತಾಳೆ. ಅವಳಿಗೇ ಮೆಸೇಜಿನಲ್ಲಿ ಕಳಿಸಿದೆ. ಅವಳು ಭಾವನ ಮುಖವನ್ನಷ್ಟೇ ಕತ್ತರಿಸಿ ವಾಪಸ್ಸು ಕಳಿಸಿದಳು. ನಾನು ಅದನ್ನು ಹಿಗ್ಗಿಸಿ ಮತ್ತೆ ಅವಳಿಗೆ ಕಳಿಸಿದೆ. ಫೋಟೋ ಎಂದು ಕಳಿಸಿದಾಗಲೆಲ್ಲ ಫೋನು ತನ್ನ ಪಾಡಿಗೆ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆಂದು ಇಬ್ಬರಿಗೂ ಆಗ ತಿಳಿದಿರಲಿಲ್ಲ. ಕೊಳ್ಳೇಗಾಲಕ್ಕೂ ಲೊಕ್ಕನಹಳ್ಳಿಗೂ ಓಡಾಡಿ ಓಡಾಡಿ ಅವರ ಮುಖ ತುಂತುರು ಬಿದ್ದ ರಂಗೋಲಿಯಂತಾಯಿತು.

ಗೌರಿ ಸೋಲುವವಳಲ್ಲ. ಮರುದಿನ ಇನ್ನೊಂದು ಚಿತ್ರ ಕಳಿಸಿ ಫೋನ್ ಮಾಡಿದಳು. "ನೋಡ್ದಾ ಅಕ್ಕ? ಕ್ಲೀನ್ ಮಾಡೋ ಆ್ಯಪ್ಪಿಗೆ ಆಕ್ದೆ. ಭಾವ ಎಂಗವ್ರೆ ನೋಡು."

ನೋಡಿದೆ. ಕೂದಲು ಬಾಚಿತ್ತು. ಕೆನ್ನೆ ನುಣ್ಣಗಿತ್ತು. ಬಾಯಲ್ಲಿ ಸಾಲಾಗಿ, ಬೆಳ್ಳಗೆ, ಒಂದೂ ಮುಕ್ಕಾಗದ ಹಲ್ಲುಗಳು.

"ಇವ್ರು ಯಾರೇ?" ಎಂದೆ.

"ಭಾವಾನೇ ಕಣಕ್ಕ. ಮಸುಕಾಗಿರೋ ಜಾಗ್ವ ಆ್ಯಪ್ಪೇ ತುಂಬ್ಕತದೆ."

"ಅದ್ಕೆ ನಿಮ್ಮ ಭಾವ ಗೊತ್ತಿಲ್ವಲ್ಲೇ."

"ಅದೂ ನಿಜ್ವೆ. ಭಾನ್ವಾರ ಬತ್ತೀನಿ, ತಡಿ," ಎಂದಳು.

ಭಾನುವಾರ ತುಪ್ಪದ ಡಬ್ಬಿಯೊಂದಿಗೆ ಬಂದಳು. ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕುಳಿತು ತಪ್ಪು ಮಾಡುತ್ತ ಮಾಡುತ್ತ ಕಲಿತದ್ದನ್ನು ಹೇಳುತ್ತೇನೆ, ನಿಮಗೂ ಉಪಯೋಗವಾದೀತು. ಮೂಲವನ್ನು ಮುಟ್ಟಬಾರದು, ಒಂದು ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಬೇಕು. ಚಿತ್ರದ ಉದ್ದಗಲ ಮೊದಲು ಇಳಿಸಬೇಕು. ಫೋನಿನ ಪರದೆಗೆ ಉದ್ದದ ಬದಿ ಎರಡು ಸಾವಿರ ಪಿಕ್ಸೆಲ್ ಇದ್ದರೆ ಧಾರಾಳವಾಯಿತು. ಗುಣಮಟ್ಟ ಏರಿಸಿ ಇಳಿಸುವ ಸ್ಲೈಡರ್ ಎಂಬ ಸರಳನ್ನು ಎಳೆಯುವುದು ಆಮೇಲೆ. ಸೇವ್ ಮಾಡುವುದು ಒಂದೇ ಸಲ, ಏಕೆಂದರೆ ಪ್ರತಿ ಸಲವೂ ಅದು ಇನ್ನಷ್ಟು ಕಳೆದುಕೊಳ್ಳುತ್ತದೆ. ಬೇರೆಯವರಿಗೆ ಕಳಿಸುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಬೇಕು.

ಹೀಗೆ ಹಿಂಡುವ ಈ ಕಂಪ್ರೆಸ್ ಎನ್ನುವುದು ಒಂದು ಥರದ ಸಾರಾಂಶ ಬರೆಯುವ ಕೆಲಸ. ಅಕ್ಕಪಕ್ಕದ ಬಣ್ಣಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಎಲ್ಲ ಒಂದೇ ಎಂದು ಮುಗಿಸಿಬಿಡುತ್ತದೆ. ಆಕಾಶಕ್ಕೆ ಅದರಿಂದ ದೊಡ್ಡ ನಷ್ಟವಿಲ್ಲ. ಕಣ್ಣಂಚಿನ ಸುಕ್ಕಿಗೆ ಇದೆ. ಸರಳನ್ನು ನಲವತ್ತಕ್ಕೆ ತಂದಾಗ ಮುಕ್ಕು ಹಲ್ಲಿನ ಸಂದು ತುಂಬಿಹೋಯಿತು. ಎಂಬತ್ತಕ್ಕೆ ಏರಿಸಿದಾಗ ತಿರುಗಿ ಬಂತು. ನಾನು ಸುಮ್ಮನೆ ಇಳಿಸುವುದು, ಏರಿಸುವುದು ಮಾಡುತ್ತಲೇ ಇದ್ದೆ. ಇಳಿಸಿದರೆ ಅವರು ಹೋಗುತ್ತಿದ್ದರು, ಏರಿಸಿದರೆ ಬರುತ್ತಿದ್ದರು. ಗೌರಿ ನನ್ನ ಕೈ ಮೇಲೆ ಕೈಯಿಟ್ಟು, "ಸಾಕು ಬುಡಕ್ಕ, ಇಲ್ಲೇ ಚೆನ್ನಾಗವ್ರೆ," ಎಂದಳು. ಎಂಬತ್ತರಲ್ಲಿ ನಿಲ್ಲಿಸಿದೆವು. ಹನ್ನೆರಡು ಎಂಬಿಯ ಮನುಷ್ಯ ಒಂದು ಎಂಬಿಯೊಳಗೆ ಮುಕ್ಕು ಹಲ್ಲಿನ ಸಮೇತ ಹಿಡಿಸಿದರು.

ಮುಖ ಮಾತ್ರ ಕತ್ತರಿಸೋಣವೆಂದರೆ ಅದು ಇಡೀ ಚಿತ್ರದಲ್ಲಿ ಅವರೆಕಾಳಿನಷ್ಟಿತ್ತು. ಹಿಗ್ಗಿಸಿದರೆ ಮತ್ತೆ ರಂಗೋಲಿ. ಹಾಗಾಗಿ ಅಂಗಡಿ, ಗ್ಲಾಸುಗಳು, ಉಳಿದ ಮೇಷ್ಟ್ರುಗಳು, ಅರ್ಧ ನಾಯಿ, ಎಲ್ಲವನ್ನೂ ಉಳಿಸಿಕೊಂಡೇ ವರ್ಷದ ದಿನ ಗುಂಪಿಗೆ ಹಾಕಿದೆ. ಕೈಮುಗಿಯುವ ಚಿಹ್ನೆಗಳು ಸಾಲುಗಟ್ಟಿ ಬಂದವು. ಸಂಜೆ ಒಂದು ಫೋನ್ ಬಂತು.

"ನಮಸ್ಕಾರ ಟೀಚರ್. ನಾನು ಅಜ್ಜೀಪುರದ ಮಾದಪ್ಪ. ಹನೂರ್ ಸ್ಕೂಲಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೋನು. ಫೋಟೋದಾಗೆ ಓರೇಲಿ ಗ್ಲಾಸ್ ಇಡ್ಕಂಡು ನಿಂತಿಲ್ವಾ, ಅದು ನಾನೇಯ."

ಫೋಟೋ ತೆಗೆದು ನೋಡಿದೆ. ಅಂಚಿನಲ್ಲಿ ಒಬ್ಬ ದಪ್ಪ ಮನುಷ್ಯ ಗ್ಲಾಸ್ ಹಿಡಿದು ನಿಂತಿದ್ದ.

"ಸಾ ಅವತ್ತು ಯಾಕೆ ಅಂಗೆ ನಗ್ತಾವ್ರೆ ಅಂತ ನಿಮ್ಗೊತ್ತಾ?" ಎಂದರು ಮಾದಪ್ಪ. "ಹನೂರಿಂದ ಪಾಲಾರ್ ಗಂಟ ಬಸ್ಸಲ್ಲಿ ಕಿಟಕಿ ಸೀಟು ಯಾರ್ಗೂ ಬುಡ್ನಿಲ್ಲ ಅವ್ರು. ಟೀ ಕುಡೀವಾಗ ನಾನು, ಟೀಚರಮ್ಮನ್ನೂ ಕರ್ಕಬಂದಿದ್ರೆ ಆಗ್ತಿತ್ತಲ್ಲ ಸಾ ಅಂದೆ. ಅದ್ಕೆ ಅವ್ರು, ಅವಳು ಬಂದಿದ್ರೆ ನಂಗೆ ಕಿಟಕಿ ಎಲ್ಲಯ್ಯ ಸಿಕ್ತಿತ್ತು ಅಂದ್ಬುಟ್ಟು ನಗಕ್ಕಿಡ್ಕಂಡ್ರು."

ಮದುವೆಯಾದಾಗಿನಿಂದ ನಾವಿಬ್ಬರೂ ಬಸ್ಸು ಹತ್ತಿದಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ: "ಗಾಳಿ ನಂಗಾಗದು, ನೀನೇ ಕೂತ್ಕೊ." ನಾನು ನಂಬಿ ಕೂತೆ. ದಾರಿಯುದ್ದಕ್ಕೂ ಅವರು ನನ್ನ ಭುಜದ ಮೇಲಿಂದ ಕತ್ತು ಚಾಚುತ್ತಿದ್ದದ್ದನ್ನು ಪ್ರೀತಿ ಎಂದುಕೊಂಡಿದ್ದೆ. ಅದು ಕಿಟಕಿಯ ಆಸೆಯಂತೆ. ಪ್ರೀತಿಯೂ ಇದ್ದಿರಬೇಕು, ಇಲ್ಲದಿದ್ದರೆ ಗಾಳಿಯ ಸುಳ್ಳನ್ನು ಅಷ್ಟು ವರ್ಷ ಯಾರು ಹೇಳುತ್ತಾರೆ?

"ಟೀಚರ್, ಲೈನಲ್ಲಿದ್ದೀರಾ?"

"ಇದ್ದೀನಿ. ವಾಪಸ್ ಬರೋವಾಗ್ಲೂ ಅವ್ರಿಗೇ ಸಿಕ್ತಾ ಕಿಟಕಿ?"

"ಅವ್ರಿಗೇಯ. ಬೆಟ್ಟ ಇಳಿಯೋ ಗಂಟ ಮೊಖ ಒಳೀಕೇ ತಿರುಗಿಸ್ನಿಲ್ಲ."

ಫೋನಿಟ್ಟ ಮೇಲೆ ಸ್ವಲ್ಪ ಅತ್ತೆ, ಸ್ವಲ್ಪ ನಕ್ಕೆ. ಆಮೇಲೆ ಗೌರಿಗೆ ಫೋನ್ ಮಾಡಿ, ಪಾಲಾರಿಗೆ ಹೋಗಿ ಬರೋಣವೇ ಎಂದೆ. ಏಕೆ ಎಂದು ಅವಳು ಕೇಳಲಿಲ್ಲ.

"ಬತ್ತೀನಿ ಕಣಕ್ಕ. ಆದ್ರೆ ಬೆಟ್ಟದ ತಿರುವಲ್ಲಿ ನಂಗೆ ತಲೆ ಸುತ್ತತದೆ. ಕಿಟಕಿ ನಂಗೆ ಬುಡ್ತೀಯಾ?"

ಆ ಕಿಟಕಿಗೋಸ್ಕರವೇ ನಾನು ಹೊರಟದ್ದು.

"ಕೂತ್ಕಳೇ," ಎಂದೆ. "ಗಾಳಿ ನಂಗಾಗದು."