ಒಡ್ಡಿದ ಸೆರಗು

ಮುನಿರತ್ನಕ್ಕ, ಅವತ್ತು ನೀವು ಬೇಡಿಕೊಂಡದ್ದನ್ನು ನಾನು ಆ ಜಪಾನಿ ಮ್ಯಾನೇಜರಿಗೆ ಹೇಳಲೇ ಇಲ್ಲ. ನೀವು ಹೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ಆರು ವರ್ಷವಾಯಿತು. ಈಗ ಇದನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ.

ಗೌರಿಬಿದನೂರಿನ ಕಾರ್ಖಾನೆಯಲ್ಲಿ ನೀವು ಪ್ಯಾಕಿಂಗ್ ಮಾಡುತ್ತಿದ್ದಿರಿ, ನಾನು ದುಭಾಷಿ. ಪೆರೇಸಂದ್ರದಿಂದ ಇಬ್ಬರೂ ಒಂದೇ ವ್ಯಾನಿನಲ್ಲಿ ಹೋಗುತ್ತಿದ್ದೆವು. ಮಗಳ ಬಾಣಂತನಕ್ಕೆಂದು ಹೇಳದೆ ಕೇಳದೆ ಹತ್ತು ದಿನ ಹೋದಿರಿ. ವಾಪಸ್ ಬಂದ ದಿನವೇ, ನಾಳೆಯಿಂದ ಬರಬೇಡಿ ಎಂದರು. "ದೊಡ್ ಸಾಹೇಬ್ರ ಹತ್ರ ನನ್ದೊಂದ್ ಮಾತು ಹೇಳಮ್ಮ" ಎಂದಿರಿ. ಕರೆದುಕೊಂಡು ಹೋದೆ.

ಅಲ್ಲಿ ಟೋಕಿಯೊದಿಂದ ಬಂದಿದ್ದ ಇಬ್ಬರು ಅತಿಥಿಗಳೂ ಕೂತಿದ್ದರು. ನೀವು ನಿಂತಲ್ಲೇ ಸೆರಗೊಡ್ಡಿದಿರಿ. "ತಪ್ಪಾಯ್ತು ಸ್ವಾಮಿ, ಇದೊಂದ್ಸಲ ಹೊಟ್ಟೆಗೆ ಹಾಕ್ಕೊಳ್ಳಿ. ಈ ಕೆಲ್ಸ ಬಿಟ್ರೆ ನಂಗೆ ದಿಕ್ಕಿಲ್ಲ." ಅಳು, ಸುರಿಯುವ ಮೂಗು, ಅವರ ಮುಂದೆ ಹರವಿದ ಆ ಮಾಸಿದ ಸೆರಗು — ನನಗೆ ನಾಚಿಕೆಯಾಯಿತು. ಹೌದು, ನಾಚಿಕೆ. ನನ್ನ ಜಪಾನಿ ಎಷ್ಟು ನಯವಾಗಿದೆ ಎಂದು ಆ ಅತಿಥಿಗಳು ಆಗಷ್ಟೇ ಹೊಗಳಿದ್ದರು. ಅದೇ ಬಾಯಿಂದ ಈ ಗೋಳು ಹೊರಡುವುದು —

ಏನಂತೆ ಎಂದು ಮ್ಯಾನೇಜರು ಕೇಳಿದರು. ಇಷ್ಟು ದಿನ ನೋಡಿಕೊಂಡದ್ದಕ್ಕೆ ಕೃತಜ್ಞತೆ ಹೇಳಿ ಹೊರಡುತ್ತಿದ್ದಾರೆ ಎಂದೆ. ಗೌರವದ ಮಾತುಗಳನ್ನೆಲ್ಲ ಸೇರಿಸಿ, ಒಂದೂ ತಪ್ಪಿಲ್ಲದೆ ಹೇಳಿದೆ.

ಮ್ಯಾನೇಜರು ಎದ್ದು ನಿಂತು, ಬೀಳ್ಕೊಡುವ ಅವರ ರೀತಿಯಲ್ಲಿ, ನಿಮಗೆ ಸೊಂಟದವರೆಗೆ ಬಾಗಿದರು. ನೀವು ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಿರಿ. ವ್ಯಾನಿನಲ್ಲಿ ಕೇಳಿದಿರಿ: "ಅಷ್ಟು ದೊಡ್ಡೋರು ನಂಗೆ ತಲೆ ಬಗ್ಸಿದ್ರಲ್ಲಮ್ಮ, ಒಪ್ಕೊಂಡ್ರು ತಾನೆ?" ನಾನು ಕಿಟಕಿಯ ಕಡೆ ನೋಡುತ್ತ ಹ್ಞೂಂ ಎಂದೆ. ಮರುದಿನ ನಿಮ್ಮನ್ನು ಗೇಟಿನಲ್ಲೇ ತಡೆದರು. ನಾನು ಕಾರ್ಡು ತೋರಿಸಿ ಒಳಗೆ ಹೋದೆ.

ಹೇಳಿದ್ದರೆ ಅವರು ನಿಮ್ಮನ್ನು ಉಳಿಸಿಕೊಳ್ಳುತ್ತಿದ್ದರೋ ಇಲ್ಲವೋ — ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವಳು ನಾನೇ.

ಈಗ ಚಿಕ್ಕಬಳ್ಳಾಪುರದಲ್ಲಿ, ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಜಪಾನಿಗೆ ಹೊರಟ ಹುಡುಗಿಯರಿಗೆ ಭಾಷೆ ಕಲಿಸುತ್ತೇನೆ. ಕಳೆದ ವಾರ ವಿನಂತಿಯ ಪಾಠ. "ಮಿಸ್, ತುಂಬಾ ಬೇಡ್ಕೋಬೇಕು ಅಂದ್ರೆ ಹೆಂಗ್ ಹೇಳೋದು?" ಎಂದು ಒಬ್ಬಳು ಕೇಳಿದಳು. 'ದೋಕಾ, ಒನೆಗಾಯ್‌ಶಿಮಸ್' ಎಂದು ಬೋರ್ಡಿನ ಮೇಲೆ ಬರೆದೆ. ಹೇಗಾದರೂ ಮಾಡಿ, ದಯವಿಟ್ಟು. ಎರಡೇ ಮಾತು, ಅವತ್ತೂ ನನಗೆ ಬರುತ್ತಿತ್ತು. ಹುಡುಗಿಯರು ಒಟ್ಟಿಗೆ ಹೇಳಿದರು. ನಾನು ಉಚ್ಚಾರ ತಿದ್ದಿದೆ.

ನೀವೀಗ ಪೆರೇಸಂದ್ರ ಕ್ರಾಸಿನಲ್ಲಿ ಹೂವು ಮಾರುತ್ತೀರಿ. ನಾನು ಕೊಂಡಾಗಲೆಲ್ಲ ಒಂದು ಗೇಣು ಹೆಚ್ಚಿಗೆ ಕೊಡುತ್ತೀರಿ. "ಅವರ್ದು ಕಲ್ಲೆದೆ ಕಣಮ್ಮ. ನೀನು ನನ್ ಪರವಾಗಿ ಕೇಳ್ದೆಯಲ್ಲ, ಅಷ್ಟೇ ಸಾಕು." ಆ ಹೂವನ್ನು ಪ್ರತಿ ಸಲವೂ ಮುಡಿದಿದ್ದೇನೆ.

ಭಾನುವಾರ ಬರುತ್ತೇನೆ. ಇದೆಲ್ಲವನ್ನೂ ನಿಮ್ಮೆದುರು ನಿಂತು ಹೇಳುತ್ತೇನೆ — ಈ ಸಲ ಒಂದು ಮಾತೂ ಬದಲಿಸದೆ. ಕ್ಷಮಿಸಿ ಎಂದು ಬೇಡುವುದಿಲ್ಲ. ಬೇಡುವ ಬಾಯಿ ನನಗಿಲ್ಲ. ಹೂವು ಕೊಡದಿದ್ದರೆ ಬರಿದಲೆಯಲ್ಲೇ ಬಸ್ಸು ಹತ್ತುತ್ತೇನೆ.